ಗಾಜಿನ ಲೋಟಕ್ಕೆ ಬಿಡಿಸಿದ ಬಣ್ಣ ನಿಲ್ಲುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಗೊಂಬೆ ನೋಡಲು ಬರುವ ಮಕ್ಕಳಿಗೆ ಬಾದಾಮಿ ಹಾಲು, ರಾಮನವಮಿಗೆ ಪಾನಕ, ಗೃಹಪ್ರವೇಶಕ್ಕೆ ಮಜ್ಜಿಗೆ. ಇವಕ್ಕೆಲ್ಲ ಸ್ಟೀಲ್ ಲೋಟದ ಬದಲು ಕೈಯಾರೆ ಬಣ್ಣ ಬಿಡಿಸಿದ ಗಾಜಿನ ಲೋಟ ಇಟ್ಟರೆ ಹಬ್ಬದ ಕಳೆಯೇ ಬೇರೆ. ತೊಂದರೆ ಕಾಣಿಸಿಕೊಳ್ಳುವುದು ಮೊದಲ ಸಲ ತೊಳೆದಾಗ. ಬಿಡಿಸಿದ ಮಲ್ಲಿಗೆ ದಂಡೆ ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಲೋಟ ಬೋಳಾಗಿ ಕೈಯಲ್ಲಿರುತ್ತದೆ.

ಆಗ ಎಲ್ಲರೂ ಬೈಯುವುದು ಬಣ್ಣವನ್ನು. ಆದರೆ ಬಣ್ಣವೇ ಕೆಟ್ಟಿರುವುದು ಅಪರೂಪ. ಲೋಟಕ್ಕೆ ಜಿಡ್ಡು ಇತ್ತು, ಇಲ್ಲವೇ ಬಣ್ಣ ಬಲಿಯುವ, ಅಂದರೆ ಒಳಗಿನ ತನಕ ಗಟ್ಟಿಯಾಗುವ ಮೊದಲೇ ನೀರಿಗೆ ಬಿತ್ತು, ಈ ಎರಡರಲ್ಲಿ ಒಂದು ನಡೆದಿರುತ್ತದೆ. ಅದಕ್ಕೇ ಮೊದಲು ಲೋಟ ನೋಡಿ, ಆಮೇಲೆ ಎಷ್ಟು ದಿನ ಒಣಗಿದೆ ಎಂದು ಲೆಕ್ಕ ಹಾಕಿ, ಬಣ್ಣವೇ ಕೆಟ್ಟಿದೆಯೇ ಎಂಬ ಅನುಮಾನ ಕೊನೆಗಿರಲಿ.

ಎಲ್ಲಕ್ಕಿಂತ ಮೊದಲು: ಬಾಟಲಿಯಲ್ಲಿರುವುದು ಯಾವ ಬಣ್ಣ?

ಇದು ಗೊತ್ತಿಲ್ಲದೆ ಕೆಳಗಿನ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಾಗಲಿ, ಮಂಡ್ಯದ ಪೇಟೆ ಬೀದಿಯಲ್ಲಾಗಲಿ ‘ಗ್ಲಾಸ್ ಪೇಂಟ್ ಕೊಡಿ’ ಎಂದರೆ ಕೈಗೆ ಬರುವುದು ಒಂದೇ ಬಗೆಯ ಬಣ್ಣವಲ್ಲ.

ಮುಚ್ಚಳ ತೆಗೆದ ಕೂಡಲೇ ಥಿನ್ನರ್ ವಾಸನೆ ಬಂದು, ಬಣ್ಣ ಶರಬತ್ತಿನ ಹಾಗೆ ಪಾರದರ್ಶಕವಾಗಿದ್ದರೆ ಅದು ಸಾಲ್ವೆಂಟ್ ಗ್ಲಾಸ್ ಕಲರ್. ಕಿಟಕಿ ಗಾಜು, ಫೋಟೊ ಫ್ರೇಮಿಗೆ ಬಲು ಚೆಂದ. ದಿನಾ ತೊಳೆಯುವ ಲೋಟಕ್ಕೆ ಹೇಳಿ ಮಾಡಿಸಿದ್ದಲ್ಲ. ವಾಸನೆ ಕಡಿಮೆಯಿದ್ದು ಬಾಟಲಿಯಲ್ಲಿ ಹಾಲು ಬೆರೆಸಿದ ಹಾಗೆ ಕಂಡರೆ ನೀರಲ್ಲಿ ಬೆರೆಯುವ ಗ್ಲಾಸ್ ಕಲರ್. ಒಣಗಿದ ಮೇಲೆ ತಿಳಿಯಾಗುತ್ತದೆ. ಲೇಬಲ್ಲಿನ ಮೇಲೆ ಡಿಗ್ರಿ, ನಿಮಿಷ ಅಚ್ಚಾಗಿದ್ದರೆ ಅದು ಓವನ್‌ನಲ್ಲಿ ಕಾಯಿಸುವ ಬಣ್ಣ. ಉದಾಹರಣೆಗೆ ಪೆಬೆಯೊ ವಿಟ್ರಿಯಾ 160 ಎಂಬುದನ್ನು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಕಾಯಿಸಬೇಕು. ತೊಳೆಯುವ ಲೋಟಕ್ಕೆ ಈ ಜಾತಿಯದ್ದೇ ಸರಿ. ಇನ್ನು ಮಕ್ಕಳ ಪೋಸ್ಟರ್ ಕಲರ್ ಗಾಜಿನ ಮೇಲೆ ನಿಲ್ಲುವುದೇ ಇಲ್ಲ. ಬಟ್ಟೆಗೆ ಹಾಕುವ ಬಣ್ಣ, ಸಾದಾ ಅಕ್ರಿಲಿಕ್ ಒಣಗಿದಾಗ ಚೆನ್ನಾಗಿ ಕಂಡರೂ ನೀರಲ್ಲಿ ನೆನೆದರೆ ಮೇಲೇಳುತ್ತವೆ.

ಲೇಬಲ್ ಕಿತ್ತುಹೋಗಿದ್ದರೆ ಒಂದು ಹಳೆ ಬಟ್ಟಲಿನ ನೀರಿಗೆ ಒಂದು ಹನಿ ಬಣ್ಣ ಬಿಟ್ಟು ಕಡ್ಡಿಯಿಂದ ಕಲಕಿ. ನೀರಲ್ಲಿ ಬೆರೆತು ಕದಡಿದರೆ ನೀರಿನ ಬಣ್ಣ. ಒಗ್ಗರಣೆ ಎಣ್ಣೆಯ ಹಾಗೆ ಮೇಲೆ ತೇಲಿ ಹರಡಿದರೆ ಸಾಲ್ವೆಂಟ್. ಸಾಲ್ವೆಂಟ್ ಎಂದು ಗೊತ್ತಾದರೆ, ಅಥವಾ ಅನುಮಾನವಿದ್ದರೂ ಸಾಕು, ಆ ಲೋಟವನ್ನು ಓವನ್ ಒಳಗೆ ಇಡಬೇಡಿ. ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಲಕ್ಷಣ: ಉಗುರು ತಾಗಿದರೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ

ಅತಿ ಸಾಮಾನ್ಯವಾದ ದೋಷ ಇದು. ಎದ್ದ ಬಣ್ಣ ಹೇಗಿದೆ ಎಂದು ಮೊದಲು ನೋಡಿ. ಇಡೀ ಎಲೆ, ಇಡೀ ಹೂವು ಪ್ಲಾಸ್ಟಿಕ್ ಹಾಳೆಯ ಹಾಗೆ ಒಂದೇ ತುಂಡಾಗಿ ಬಂದರೆ ಗಾಜಿಗೆ ಜಿಡ್ಡಿತ್ತು ಎಂದು ಅರ್ಥ: ಬಣ್ಣ ತನ್ನೊಳಗೆ ಗಟ್ಟಿಯಾಗಿದೆ, ಗಾಜನ್ನು ಹಿಡಿದಿಲ್ಲ. ಬೆರಳಿಗೆ ಮೆತ್ತಿಕೊಂಡು ಸವರಿದ ಹಾಗೆ ಬಂದರೆ ಬಣ್ಣ ಇನ್ನೂ ಬಲಿತಿಲ್ಲ. ಚಕ್ಕೆ ಚಕ್ಕೆಯಾಗಿ ಸಿಡಿದರೆ ಪದರ ದಪ್ಪವಾಯಿತು.

ಗಾಜಿನ ಮೇಲೆ ಬಣ್ಣ ನಿಲ್ಲಿಸುವುದು ಏಕೆ ಕಷ್ಟ ಎನ್ನುವುದಕ್ಕೆ ಮೈಸೂರಿನಲ್ಲೇ ಒಂದು ತಿರುಗುಮುರುಗು ಉದಾಹರಣೆಯಿದೆ. 1937ರಲ್ಲಿ ಶುರುವಾದ ಇಲ್ಲಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಮತದಾನದ ಶಾಯಿ ವಾರಗಟ್ಟಲೆ ಹೋಗುವುದಿಲ್ಲ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ಬೆರೆತು ಕಪ್ಪಾಗುತ್ತದೆ, ಆ ಚರ್ಮ ಸವೆದು ಹೊಸದು ಬರುವ ತನಕ ಕಲೆ ಅಲ್ಲೇ ಇರುತ್ತದೆ. ಗಾಜಿಗೆ ಚರ್ಮದ ಹಾಗೆ ಹೀರುವ ಗುಣವಿಲ್ಲ, ಮರದ ಹಾಗೆ ರಂಧ್ರವೂ ಇಲ್ಲ. ಬಣ್ಣ ಅದರ ಮೇಲ್ಮೈಯನ್ನಷ್ಟೇ ಹಿಡಿದು ನಿಲ್ಲಬೇಕು. ನಡುವೆ ಬೆರಳಚ್ಚಿನಷ್ಟು ಎಣ್ಣೆ ಇದ್ದರೂ ಅಲ್ಲಿ ಹಿಡಿತ ಇಲ್ಲ.

ಜಿಡ್ಡಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ: ಬಣ್ಣ ಹಾಕದ ಅದೇ ಬಗೆಯ ಇನ್ನೊಂದು ಲೋಟವನ್ನು ನೀವು ಎಂದಿನಂತೆ ತೊಳೆಯುವ ಹಾಗೆಯೇ ತೊಳೆದು, ನಲ್ಲಿಯ ಕೆಳಗೆ ಹಿಡಿದು, ಓರೆ ಮಾಡಿ ಬೆಳಕಿಗೆ ಎದುರಾಗಿ ನೋಡಿ. ನೀರು ತೆಳ್ಳನೆಯ ಒಂದೇ ಪರದೆಯಾಗಿ ಜಾರಿದರೆ ಗಾಜು ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾಗಿ ಒಡೆದುಕೊಂಡರೆ ಆ ಜಾಗದಲ್ಲೆಲ್ಲ ಜಿಡ್ಡು ಕೂತಿದೆ.

ಜಿಡ್ಡು ಎಲ್ಲಿಂದ ಬಂತು? ಹುಡುಕಿದರೆ ಸಿಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ. ಒರೆಸಿದ ಸೆರಗು ಅಥವಾ ಅಡುಗೆ ಮನೆಯ ಬಟ್ಟೆ. ಒಗ್ಗರಣೆ ಹಾಕುವ ಒಲೆಯ ಪಕ್ಕದಲ್ಲೇ ತೆರೆದ ಕಪಾಟಿನಲ್ಲಿ ಲೋಟ ಇಟ್ಟಿದ್ದರೆ ಎಣ್ಣೆಯ ಆವಿ ಕಣ್ಣಿಗೆ ಕಾಣದಂತೆ ಕೂರುತ್ತದೆ. ಹೊಸ ಲೋಟವಾದರೆ ಬೆಲೆಯ ಸ್ಟಿಕ್ಕರ್ ಬಿಟ್ಟುಹೋದ ಗೋಂದು. ಸ್ಯಾನಿಟೈಸರ್ ಜೆಲ್ ಹಾಕಿ ಒರೆಸುವವರೂ ಇದ್ದಾರೆ. ಅದರಲ್ಲಿ ಕೈ ಮೃದುವಾಗಲೆಂದು ಸೇರಿಸಿದ ಗ್ಲಿಸರಿನ್ ಇರುತ್ತದೆ, ಅದೇ ಇನ್ನೊಂದು ಪದರವಾಗುತ್ತದೆ.

ಪರಿಹಾರ ಹೀಗೆ. ಸ್ಟಿಕ್ಕರ್ ಗೋಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ ತೆಗೆಯಿರಿ. ಆಮೇಲೆ ಇಡೀ ಲೋಟವನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆಯಿರಿ. ಬೋರ್‌ವೆಲ್ ನೀರಿನ ಮನೆಯಾದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ನಿಂಬೆರಸ ಅಥವಾ ವಿನೆಗರ್ ಸವರಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ಕರಗುತ್ತದೆ. ಕರಗದೆ ಮಬ್ಬು ಹಾಗೆಯೇ ಉಳಿದರೆ ಗಾಜೇ ಸವೆದಿದೆ, ಅದನ್ನು ಬಿಟ್ಟು ಬೇರೆ ಲೋಟ ತೆಗೆದುಕೊಳ್ಳಿ. ಪೂರ್ತಿ ಒಣಗಿದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಅದ್ದಿ ಹೊರಮೈ ಒರೆಸಿ. ಅಲ್ಲಿಂದ ಮುಂದೆ ಬಣ್ಣ ಬರುವ ಜಾಗಕ್ಕೆ ಬೆರಳು ತಾಗಿಸಬೇಡಿ. ಎಡಗೈಯ ಎರಡು ಬೆರಳನ್ನು ಲೋಟದ ಒಳಗೆ ಅಗಲಿಸಿ ಹಿಡಿದುಕೊಂಡರೆ ಹೊರಮೈ ಸ್ವಚ್ಛವಾಗಿಯೇ ಇರುತ್ತದೆ.

ಈಗಾಗಲೇ ಎದ್ದುಹೋದ ಬಣ್ಣದ ಮೇಲೆ ತೇಪೆ ಹಾಕಲು ಹೋಗಬೇಡಿ. ಪಕ್ಕದ ಹೂವೂ ಇವತ್ತಲ್ಲ ನಾಳೆ ಏಳುವುದೇ. ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ ಎಲ್ಲವನ್ನೂ ಕಿತ್ತು, ಉಳಿದದ್ದನ್ನು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಿಂದ ಒರೆಸಿ, ಮತ್ತೆ ಸೋಪಿನಿಂದ ಶುರು ಮಾಡಿ. ರಿಮೂವರ್‌ನಲ್ಲೂ ಎಣ್ಣೆ, ಪರಿಮಳ ಬೆರೆತಿರಬಹುದು. ಹಾಗಾಗಿ ಸೋಪಿನ ಹಂತ ಬಿಡುವಂತಿಲ್ಲ.

ಲಕ್ಷಣ: ತಣ್ಣನೆ ಪಾನಕ ಹಾಕಿದ ಮೇಲೆ ಬಣ್ಣ ಅಂಟಂಟು

ಮುಟ್ಟಿದರೆ ಒಣಗಿದೆ ಅನ್ನಿಸಿತ್ತು, ಐಸ್ ಹಾಕಿದ ಪಾನಕ ತುಂಬಿದ ಕಾಲು ಗಂಟೆಗೆ ಕೈಗೆ ಹತ್ತಿತು. ಹೊರಮೈಯಲ್ಲಿ ಕಟ್ಟಿದ ಬೆವರುನೀರು ಬಣ್ಣದ ಮೇಲೆ ನಿಂತು ನೆನೆಸಿದ್ದರಿಂದ ಹೀಗಾಗುತ್ತದೆ. ಒಣಗುವುದು ಬೇರೆ, ಬಲಿಯುವುದು ಬೇರೆ. ಕಾಯಿಸದೆ ಹಾಗೇ ಗಾಳಿಗೆ ಬಿಡುವ ಎನಾಮಲ್ ಬಣ್ಣಗಳು ಒಂದೇ ಗಂಟೆಯಲ್ಲಿ ಮುಟ್ಟಲು ಒಣಗಿದರೂ ಪೂರ್ತಿ ಬಲಿಯಲು 21 ದಿನ ಬೇಕೆಂದು ಹಲವು ಲೇಬಲ್‌ಗಳಲ್ಲೇ ಅಚ್ಚಾಗಿರುತ್ತದೆ. ಯುಗಾದಿಗೆ ಬಿಡಿಸಿದರೆ ರಾಮನವಮಿಗೂ ಪೂರ್ತಿ ಬಲಿತಿರುವುದಿಲ್ಲ ಎಂದಾಯಿತು.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೇಗ ಒಣಗುವ ಪದರ, ದಸರಾ ಹೊತ್ತಿನ ಮಳೆಯಲ್ಲಿ ಅದಕ್ಕೆ ದುಪ್ಪಟ್ಟು ಸಮಯ ಕೇಳಿದರೂ ಆಶ್ಚರ್ಯವಿಲ್ಲ. ಲೇಬಲ್ಲಿನಲ್ಲಿ 24 ಗಂಟೆ ಎಂದಿದ್ದರೆ ಮಳೆಗಾಲದಲ್ಲಿ 48 ಗಂಟೆ ಕೊಡಿ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಹಿಡಿದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ. ಬಲಿತಿದೆಯೇ ಎಂದು ನೋಡಲು ಲೋಟದ ತಳದ ಹತ್ತಿರ, ಕಾಣದ ಜಾಗದಲ್ಲಿ ಹಾಕಿದ ಒಂದು ಚುಕ್ಕೆಯ ಮೇಲೆ ಒದ್ದೆ ಹತ್ತಿಯನ್ನು ಹತ್ತು ನಿಮಿಷ ಇಟ್ಟು ಉಜ್ಜಿ. ಹತ್ತಿಗೆ ಬಣ್ಣ ಹತ್ತದಿದ್ದರೆ ಮುಂದುವರಿಯಿರಿ. ಈ ಪರೀಕ್ಷೆಗೆಂದೇ ಬಿಡಿಸುವಾಗ ಪ್ರತಿ ಬಣ್ಣದ್ದೂ ಒಂದೊಂದು ಚುಕ್ಕೆ ತಳದಲ್ಲಿ ಇಟ್ಟಿರಬೇಕು.

ಲಕ್ಷಣ: ಗೆರೆ ದಾಟಿ ಹರಿಯುತ್ತದೆ, ಕೆಳಗೆ ಸೋರುತ್ತದೆ

ಉದ್ದನೆಯ ಕಬ್ಬಿನ ಜಲ್ಲೆ, ಅರಮನೆಯ ಕಮಾನಿನ ಕಂಬ ಬಿಡಿಸುವವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಲೋಟವನ್ನು ನಿಲ್ಲಿಸಿಕೊಂಡೇ ಬಣ್ಣ ತುಂಬಿದರೆ ಅದು ಇಳಿಯದೆ ಇನ್ನೇನು ಮಾಡೀತು? ಅಗಲ ತಟ್ಟೆಗೆ ಎರಡು ಅಂಗುಲ ರಾಗಿ ಸುರಿದು ಲೋಟವನ್ನು ಅದರ ಮೇಲೆ ಮಲಗಿಸಿ. ಉರುಳುವುದಿಲ್ಲ, ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದು. ಮೇಲ್ಮುಖವಾಗಿರುವ ಭಾಗವನ್ನಷ್ಟೇ ತುಂಬಿ, ಅದು ಇಳಿಯದಷ್ಟು ಗಟ್ಟಿಯಾದ ಮೇಲೆ ತಿರುಗಿಸಿ. ಆತುರಪಟ್ಟು ತಿರುಗಿಸಿದರೆ ರಾಗಿಯ ಕಾಳು ಹೂವಿಗೆ ಅಂಟಿ ಬರುತ್ತದೆ.

ಹೀಗೆ ಮಾಡಿದರೂ ಸೋರಿದರೆ ಔಟ್‌ಲೈನರ್ ಗೆರೆಯನ್ನು, ಅಂದರೆ ಬಣ್ಣ ಹರಿಯದಂತೆ ಚಿತ್ರದ ಸುತ್ತ ಎಳೆಯುವ ಉಬ್ಬು ಗೆರೆಯನ್ನು, ಬೆಳಕಿಗೆ ಹಿಡಿದು ನೋಡಿ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ; ಎಳೆ ರಂಗೋಲಿಯ ಹಾಗೆ ಗೆರೆ ಹೊರಟಲ್ಲಿಗೇ ಬಂದು ಕೂಡಬೇಕು. ಸಂದಿಲ್ಲದಿದ್ದರೆ ಗೆರೆ ಇನ್ನೂ ಹಸಿ ಇದ್ದಾಗಲೇ ಬಣ್ಣ ತುಂಬಿದ್ದೀರಿ. ಒಂದೆರಡು ಗಂಟೆಯಾದರೂ ಬಿಡಿ. ನಮೂನೆ ಚೊಕ್ಕವಾಗಿ ಬರಬೇಕಿದ್ದರೆ ಕಾಗದದಲ್ಲಿ ಬರೆದು ಲೋಟದ ಒಳಗೆ ಸುತ್ತಿ ಅಂಟಿಸಿಕೊಳ್ಳಿ, ಗೆರೆ ಹೊರಗಿಂದ ಕಾಣುತ್ತದೆ.

ಲಕ್ಷಣ: ಗುಳ್ಳೆ

ಹಸಿಯಿದ್ದಾಗಲೇ ಗುಳ್ಳೆ ಕಂಡರೆ ಬಾಟಲಿಯನ್ನು ಕುಲುಕಿದ್ದೀರಿ. ಗ್ಲಾಸ್ ಕಲರನ್ನು ಕುಲುಕಬಾರದು, ಎರಡೂ ಅಂಗೈ ನಡುವೆ ಉರುಳಿಸಿ ಬೆರೆಸಬೇಕು. ಹಸಿ ಗುಳ್ಳೆಯನ್ನು ಸೂಜಿ ಮೊನೆಯಿಂದ ಒಡೆದರೆ ಅಲ್ಲಿಗೆ ಮುಗಿಯಿತು. ಓವನ್‌ನಿಂದ ತೆಗೆದಾಗ ಗುಳ್ಳೆ ಕಂಡರೆ ಪದರ ದಪ್ಪವಿತ್ತು, ಇಲ್ಲವೇ ಒಳಗೆ ತೇವ ಉಳಿದಿತ್ತು. ತೇವ ಆವಿಯಾಗಿ ಮೇಲ್ಪದರವನ್ನು ಹಪ್ಪಳದ ಹಾಗೆ ಎಬ್ಬಿಸಿದೆ. ಇದನ್ನು ಸರಿಮಾಡಲು ಬರುವುದಿಲ್ಲ, ತೆಗೆದು ಮತ್ತೆ ಬಿಡಿಸಬೇಕು. ಮುಂದಿನ ಸಲ ಎರಡು ತೆಳು ಪದರ, ಓವನ್‌ಗೆ ಇಡುವ ಮೊದಲು ಪೂರಾ ಒಂದು ದಿನ ಬಿಡುವು.

ಲಕ್ಷಣ: ಬಿಳಿ ಮಲ್ಲಿಗೆ ಕಂದಿತು, ಕೆಂಪು ಕಪ್ಪಾಯಿತು

ಕಂದಿದ್ದು ಬಾಯಿಯ ಕಡೆ ಮಾತ್ರವೇ, ಇಡೀ ಲೋಟವೇ? ಮೇಲ್ಭಾಗ ಮಾತ್ರವಾದರೆ ಓಟಿಜಿಯ (ಮನೆಯ ಸಣ್ಣ ವಿದ್ಯುತ್ ಓವನ್) ಮೇಲಿನ ಕಾಯುವ ಸರಳಿಗೆ ಲೋಟ ಹತ್ತಿರವಾಯಿತು. ಜಾಲರಿಯನ್ನು ಕೆಳಗಿನ ಹಂತಕ್ಕೆ ಇಳಿಸಿ. ಇಡೀ ಲೋಟ ಕಂದಿದ್ದರೆ ಶಾಖವೇ ಹೆಚ್ಚು. ಮನೆಯ ಓಟಿಜಿಗಳ ಗುಂಡಿ 160 ತೋರಿಸಿದಾಗ ಒಳಗೆ ಅಷ್ಟೇ ಇರುತ್ತದೆ ಎಂದು ನಂಬುವಂತಿಲ್ಲ. ಒಳಗಿಡುವ ಓವನ್ ಥರ್ಮಾಮೀಟರ್ ಒಂದನ್ನು ತೆಗೆದುಕೊಂಡರೆ ಅನುಮಾನ ಬಗೆಹರಿಯುತ್ತದೆ, ಕೇಕಿಗೂ ಆಗುತ್ತದೆ. ಚಿನ್ನದ ಗೆರೆ ಬಿಡಿಸಿದವರಿಗೆ ಒಂದು ಮಾತು: ಲೋಹದ ಪುಡಿ ಇರುವ ಬಣ್ಣ ಮೈಕ್ರೋವೇವ್‌ನಲ್ಲಿ ಕಿಡಿ ಹಾರಿಸುತ್ತದೆ, ಮೈಕ್ರೋವೇವ್‌ನಿಂದ ಯಾವ ಬಣ್ಣವೂ ಬಲಿಯುವುದೂ ಇಲ್ಲ. ಅದೇ ಯಂತ್ರದಲ್ಲಿ ಬಿಸಿಗಾಳಿಯಿಂದ ಕಾಯಿಸುವ ಕನ್ವೆಕ್ಷನ್ ಮೋಡ್ ಆದರೆ ಸರಿ. ಬಾಣಲೆಗೆ ಉಪ್ಪು ಹಾಕಿ ಒಲೆಯ ಮೇಲೆ ಕಾಯಿಸುವ ಉಪಾಯ ಬೇಡ. ತಳ ಸುಡುತ್ತದೆ, ಬಾಯಿ ತಣ್ಣಗಿರುತ್ತದೆ, ಗಾಜು ಸೀಳುತ್ತದೆ.

ಲಕ್ಷಣ: ‘ಟಣ್’ ಎಂದಿತು, ಲೋಟ ಸೀಳಿತು

ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾಮೂಲಿ ಲೋಟದ ಗಾಜು ತಾಪ ದಿಢೀರನೆ ಏರಿದರೂ ಇಳಿದರೂ ತಡೆಯುವುದಿಲ್ಲ. ತಣ್ಣಗಿರುವ ಓವನ್‌ನಲ್ಲಿ ಲೋಟ ಇಟ್ಟು ಆಮೇಲೆ ಸ್ವಿಚ್ ಹಾಕಬೇಕು. ಬೇಕಾದ ಶಾಖ ಮುಟ್ಟಿದ ಮೇಲೆ ನಿಮಿಷ ಎಣಿಸಬೇಕು. ಮುಗಿದ ಮೇಲೆ ಸ್ವಿಚ್ ಆರಿಸಿ, ಬಾಗಿಲು ತೆಗೆಯದೆ, ಕೈಯಲ್ಲಿ ಹಿಡಿಯುವಷ್ಟು ಆರುವ ತನಕ ಬಿಡಬೇಕು. ಇಣುಕಿ ನೋಡುವ ಆಸೆಗೆ ಎಷ್ಟೋ ಲೋಟ ಹೋಗಿವೆ.

ಒಳಗಿಡುವ ಮೊದಲು, ಮಡಕೆ ಕೊಳ್ಳುವಾಗ ಬಾರಿಸಿ ನೋಡುವ ಹಾಗೆ ಪ್ರತಿ ಲೋಟವನ್ನೂ ಬೆರಳಿನಿಂದ ಮೀಟಿ. ಸ್ಪಷ್ಟ ನಾದ ಬಂದರೆ ಸರಿ. ಮಂಕು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳಿರಬಹುದು, ಅಥವಾ ಅದು ಗಾಜಲ್ಲ, ಪ್ಲಾಸ್ಟಿಕ್. ಎರಡನ್ನೂ ಓವನ್‌ನಿಂದ ದೂರ ಇಡಿ. ಎರಡು ಗೋಡೆಯ ಲೋಟವನ್ನೂ ಅಷ್ಟೇ. ಒಳಗೆ ಒಡೆದರೆ ಬಾಗಿಲು ಮುಚ್ಚಿಯೇ ಇರಲಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ದಪ್ಪ ಕೈಗವಸು ಹಾಕಿಕೊಂಡು ಚೂರು ತೆಗೆಯಿರಿ. ಸಣ್ಣ ಚೂರಿಗೆ ಒದ್ದೆ ಕಾಗದ ಒತ್ತಿದರೆ ಅಂಟಿಕೊಂಡು ಬರುತ್ತದೆ.

ಲಕ್ಷಣ: ನಾಲ್ಕು ಸಲ ತೊಳೆಯುವಷ್ಟರಲ್ಲಿ ಮಾಸಿತು

ಯಾವುದರಿಂದ ಉಜ್ಜಿದ್ದೀರಿ? ಸ್ಟೀಲ್ ನಾರು, ತೆಂಗಿನ ನಾರು, ಬೂದಿ, ಹುಣಸೆ ಯಾವುದೂ ಈ ಲೋಟಕ್ಕೆ ಆಗದು. ಮೆತ್ತನೆ ಸ್ಪಂಜಿನಿಂದ ಕೈಯಲ್ಲೇ ತೊಳೆಯಿರಿ, ಬಕೆಟ್ಟಿನಲ್ಲಿ ನೆನೆಹಾಕಬೇಡಿ. ಮನೆ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಎಂದಿನಂತೆ ಶ್ರದ್ಧೆಯಿಂದಲೇ ಉಜ್ಜುತ್ತಾರೆ. ಒಂದರೊಳಗೊಂದು ಪೇರಿಸಿಟ್ಟರೂ ಬಣ್ಣ ಉಜ್ಜಿ ಹೋಗುತ್ತದೆ, ಬಿಸಿಲಿನ ದಿನ ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು.

ಬಿಳಿ ಹೂವಿನ ಮೇಲೆ ಹಳದಿ ಬೆರಳಚ್ಚು ಕಂಡರೆ ಅದು ಬಣ್ಣದ ದೋಷವಲ್ಲ, ಅರಿಶಿನ ಹಚ್ಚಿದ ಕೈ. ಉಜ್ಜಬೇಡಿ. ಕಿಟಕಿಯ ಬಿಸಿಲಿನಲ್ಲಿ ಒಂದೆರಡು ದಿನ ಇಡಿ; ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಇಳಿಯುತ್ತದೆ.

ಲಕ್ಷಣ: ತುಟಿಗೆ ಬಣ್ಣ ತಾಗುತ್ತದೆ, ಪಾನೀಯಕ್ಕೆ ವಾಸನೆ ಬರುತ್ತದೆ

ಇಲ್ಲಿ ಪರೀಕ್ಷೆ ಗಿರೀಕ್ಷೆ ಇಲ್ಲ, ಆ ಲೋಟದಲ್ಲಿ ಕುಡಿಯುವುದನ್ನು ನಿಲ್ಲಿಸಿ. ಲೇಬಲ್ಲಿನಲ್ಲಿ ‘ನಾನ್ ಟಾಕ್ಸಿಕ್’ ಎಂದಿದ್ದರೆ ಬಾಯಿಗೆ ತಾಗಿಸಬಹುದು ಎಂದು ಅರ್ಥವಲ್ಲ; ಹೇಳಿದ ಹಾಗೆ ಬಳಸಿದರೆ ಬಿಡಿಸುವವರಿಗೆ ಅಪಾಯವಿಲ್ಲ ಎಂದಷ್ಟೇ. ಕೆಲವು ಕೆಂಪು, ಹಳದಿ, ಕೇಸರಿ ವರ್ಣದ್ರವ್ಯಗಳಲ್ಲಿ ಕ್ಯಾಡ್ಮಿಯಂನಂತಹ ಭಾರಲೋಹ ಇರುತ್ತದೆ. ಅದಕ್ಕೇ ಲೋಟದ ಒಳಗೆ ಒಂದು ಚುಕ್ಕೆಯೂ ಬೇಡ, ಹೊರಗೆ ಅಂಚಿನಿಂದ ಕನಿಷ್ಠ 2 ಸೆಂಟಿಮೀಟರ್ ಬಿಡಬೇಕು. ಬಿಡಿಸುವ ಮೊದಲು ಅಂಚಿಗೆ ಒಂದು ಇಂಚಿನ ಮಾಸ್ಕಿಂಗ್ ಟೇಪ್ ಸುತ್ತಿದರೆ ಅಳತೆ ತಪ್ಪುವುದಿಲ್ಲ. ಟೇಪಿನ ಜೊತೆ ಬಣ್ಣವೂ ಕಿತ್ತು ಬಂದರೆ ತಡಮಾಡಿದಿರಿ; ಬಣ್ಣ ಇನ್ನೂ ಅರೆಹಸಿ ಇರುವಾಗಲೇ ನಿಧಾನಕ್ಕೆ ಎಳೆಯಬೇಕು.

ಅಂಚಿನ ತನಕ ಬಿಡಿಸಿಬಿಟ್ಟಿದ್ದರೆ ಮೇಲೆ ವಾರ್ನಿಷ್ ಹೊಡೆದು ಸರಿಮಾಡಲು ಹೋಗಬೇಡಿ, ವಾರ್ನಿಷ್ಷೂ ಬಾಯಿಗೆ ಹೋಗುವಂಥದ್ದಲ್ಲ. ಆ ಲೋಟ ಗೊಂಬೆ ಹಂತದ ಮೇಲೆ ಹೂ ಇಡಲು ಆಗುತ್ತದೆ. ಸಾಲ್ವೆಂಟ್ ಬಣ್ಣದ ಲೋಟದೊಳಗೆ ದೀಪ ಮಾತ್ರ ಹಚ್ಚಬೇಡಿ.

ಸಾಲ್ವೆಂಟ್ ಬಣ್ಣವನ್ನು ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ತೆರೆಯಬೇಡಿ, ಕಿಟಕಿ ತೆಗೆದಿರಲಿ. ತಲೆ ಸುತ್ತಿದರೆ ಕೆಲಸ ಬಿಟ್ಟು ಹೊರಗೆ ಗಾಳಿಗೆ ಬನ್ನಿ. ಕಣ್ಣಿಗೆ ಸಿಡಿದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಮಗು ಥಿನ್ನರ್ ಅಥವಾ ಸಾಲ್ವೆಂಟ್ ಬಣ್ಣ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.

ಲಕ್ಷಣ: ಹಬ್ಬ ನಾಳೆ, ಬಣ್ಣ ಇನ್ನೂ ಹಸಿ

ಓವನ್‌ಗೆ ಇಡುವ ಬಣ್ಣವಾದರೆ ಒಣಗುವ ಮೊದಲೇ ಇಟ್ಟು ಗುಳ್ಳೆ ಎಬ್ಬಿಸಬೇಡಿ. ಗಾಳಿಗೆ ಬಿಡುವ ಬಣ್ಣವಾದರೆ ಒಂದು ರಾತ್ರಿಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಬಿಡಿಸಿದ ಲೋಟವನ್ನು ನೋಡಲಿಕ್ಕೆಂದು ಗೊಂಬೆಯ ಪಕ್ಕ ಇಟ್ಟು, ಕುಡಿಯಲು ಬೋಳು ಲೋಟಗಳನ್ನೇ ತೆಗೆಯಿರಿ. ಪ್ರತಿಯೊಂದರ ನಡುವಿಗೂ ಅಂಗೈಯಗಲದ ಬಣ್ಣದ ಕಾಗದದ ಪಟ್ಟಿ ಸುತ್ತಿ, ಮೇಲೆ ಅರ್ಧ ಮೊಳ ಮಲ್ಲಿಗೆ ಕಟ್ಟಿ. ಐಸಿನ ಬೆವರು ಕಾಗದವನ್ನು ನೆನೆಸುತ್ತದೆ, ಆದ್ದರಿಂದ ಪಾನಕ ತಣ್ಣಗಿದ್ದರೆ ಕಾಗದ ಬಿಟ್ಟು ಬರೀ ಹೂವನ್ನೇ ಕಟ್ಟಿ.